ಬೋಟಿನ ತವರುಮನೆ ಹುಡುಕಿಕೊಂಡು

ಬೋಟು ಮುಳುಗಬಹುದಿತ್ತು. ಮುಳುಗಿದರೆ ನಮ್ಮ ಬಾಸ್‌ನ ಹೆಂಡತಿ ನನ್ನ ಮೇಲೆ ಕೋರ್ಟಿಗೆ ಹೋಗಬಹುದಿತ್ತು. ಈ ದೇಶದಲ್ಲಿ ಕಾಫಿ ಬಿಸಿಯಾಗಿತ್ತೆಂದೂ ಕೋರ್ಟಿಗೆ ಹೋಗುತ್ತಾರೆ. ಎಚ್‌-ಒನ್ ವೀಸಾದ ಮೇಲೆ ಬಂದವನು ಇನ್ನೊಬ್ಬರ ಬೋಟಿನ ಚರಿತ್ರೆ ಹುಡುಕುವುದೆಂದರೆ ಎರಡನೇ ನೌಕರಿ ಮಾಡಿದಂತೆ ಎಂದು ಇಮಿಗ್ರೇಷನ್‌ನವರು ತೀರ್ಮಾನಿಸಬಹುದಿತ್ತು. ದಪ್ಪ ಮೀಸೆಯವನೊಬ್ಬ ಹ್ಯೂಸ್ಟನ್ನಿನ ಲೈಬ್ರರಿಯಲ್ಲಿ ಕೂತು ಹಡಗು, ಬಂದರು, ಸಮುದ್ರಮಾರ್ಗ ಎಂದು ವಿಚಾರಿಸುತ್ತಿದ್ದಾನೆಂದು ಯಾರಾದರೂ ಎಲ್ಲಿಗಾದರೂ ಫೋನ್ ಮಾಡಬಹುದಿತ್ತು. ಅವಳಿ ಗೋಪುರ ಬಿದ್ದ ನಂತರದ ಆ ವರ್ಷಗಳಲ್ಲಿ ಅದಕ್ಕಿಂತ ಸಣ್ಣ ಕಾರಣಕ್ಕೂ ಫೋನ್ ಹೋಗುತ್ತಿತ್ತು. ಚರಿತ್ರೆ ಸಿಕ್ಕಿ ಅದು ಕೆಟ್ಟ ಚರಿತ್ರೆಯಾಗಿರಬಹುದಿತ್ತು, ಕಳ್ಳಸಾಗಣೆ, ಕೊಲೆ, ಹೀಗೆ. ಬಾಸ್ ಬೇಸರಪಟ್ಟು ನನ್ನ ಗ್ರೀನ್ ಕಾರ್ಡಿನ ಕಾಗದಗಳಿಗೆ ಸಹಿ ಹಾಕುವುದನ್ನು ಮರೆಯಬಹುದಿತ್ತು. ಅಥವಾ ಖುಷಿಪಟ್ಟು ನನ್ನನ್ನೂ ಬೋಟಿಗೆ ಹತ್ತಿಸಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಇದೇ. ನನಗೆ ಈಜು ಬರುವುದಿಲ್ಲ. ಶುಗರ್ ಲ್ಯಾಂಡಿನ ನಮ್ಮ ಬಡಾವಣೆಯ ಈಜುಕೊಳದಲ್ಲಿ ಮಕ್ಕಳು ಆಡುವ ಕಡೆ ನಿಂತಾಗಲೂ ನಾನು ಕಂಬಿ ಬಿಡುವವನಲ್ಲ.

ಹೀಗೆ ಯೋಚಿಸುವುದಕ್ಕೇ ನನಗೆ ಸಂಬಳ ಬರುತ್ತಿತ್ತು ಅನ್ನುವುದು ಬೇರೆ ಮಾತು. ದ ವುಡ್‌ಲ್ಯಾಂಡ್ಸ್‌ನಲ್ಲಿದ್ದ ಕಂಪನಿಯೊಂದರಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಮೊದಲೇ ಕಂಡುಹಿಡಿಯುವ ಕೆಲಸ. ಚಿಕ್ಕಂದಿನಿಂದ ಮನೆಯಲ್ಲಿ ಯಾವ ಗುಣಕ್ಕಾಗಿ ಬೈಸಿಕೊಂಡಿದ್ದೆನೋ ಅದೇ ಅಮೆರಿಕದಲ್ಲಿ ನನ್ನ ಹೊಟ್ಟೆಪಾಡಾಗಿತ್ತು.

ಒಂದು ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಬಾಸ್ ನನ್ನ ಮೇಜಿನ ಹತ್ತಿರ ಬಂದರು. ಅರವತ್ತು ದಾಟಿದ, ಟೆಕ್ಸಸ್ಸಿನ ಎತ್ತರದ ಮನುಷ್ಯ.

"ನೀನು ಎಲ್ಲವನ್ನೂ ಅನುಮಾನಿಸುತ್ತೀಯ. ನನಗೆ ಅಂಥವನೊಬ್ಬ ಬೇಕು," ಅಂದರು.

"ಏನು ತಪ್ಪಾಯಿತು ಸರ್?" ಅಂದೆ. ಸರ್ ಅನ್ನಬೇಡವೆಂದು ಅವರು ಹೇಳಿ ಹೇಳಿ ಸೋತಿದ್ದರು.

ತಪ್ಪೇನೂ ಆಗಿರಲಿಲ್ಲ. ಅವರ ಹತ್ತಿರ ರೇಸಿಗೆಂದೇ ಕಟ್ಟಿದ ಮರದ ಹಳೆಯ ಹಾಯಿದೋಣಿಯೊಂದಿತ್ತು. ಗ್ಯಾಲ್ವೆಸ್ಟನ್ ಕಡೆಯ ಒಂದು ಬೋಟ್‌ಯಾರ್ಡಿನಲ್ಲಿ ಅದನ್ನು ನೀರಿನಿಂದ ಮೇಲೆತ್ತಿ, ಸುತ್ತ ಆಸರೆಯ ಕಂಬ ಕೊಟ್ಟು ನಿಲ್ಲಿಸಿ, ವರ್ಷಗಟ್ಟಲೆ ಶನಿವಾರ ಭಾನುವಾರ ರಿಪೇರಿ ಮಾಡುತ್ತಿದ್ದರು. ಆ ವರ್ಷ ಮೆಕ್ಸಿಕೋ ಕೊಲ್ಲಿ ದಾಟಿ ಆಚೆ ದಡ ಮುಟ್ಟುವ ರೇಸಿಗೆ ಅದನ್ನು ಇಳಿಸಬೇಕೆಂಬುದು ಅವರ ಆಸೆ. ರೇಸಿನಲ್ಲಿ ಹಳೆಯ ಬೋಟುಗಳದೇ ಒಂದು ಬೇರೆ ಗುಂಪು. ಅದಕ್ಕೆ ಸೇರಬೇಕೆಂದರೆ ಬೋಟು ಯಾವ ಕಾಲದ್ದು, ಯಾರು ಕಟ್ಟಿಸಿದ್ದು ಎಂದು ಪುರಾವೆ ಕೊಡಬೇಕು. ಅವರ ಹತ್ತಿರ ಪುರಾವೆ ಇರಲಿಲ್ಲ.

"ಕೊಡದಿದ್ದರೆ ಹೊಸ ಫೈಬರ್ ಬೋಟುಗಳ ಜೊತೆ ನಿಲ್ಲಿಸುತ್ತಾರೆ. ಅವರೆಲ್ಲ ಮೆಕ್ಸಿಕೋದಲ್ಲಿ ಉಂಡು ಮಲಗಿ ಎದ್ದ ಮೇಲೆ ನಾನು ತಲುಪುತ್ತೇನೆ. ಹಾಗೆ ಹೋಗುವುದಕ್ಕಿಂತ ಮನೆಯಲ್ಲಿರುತ್ತೇನೆ," ಅಂದರು. ಆಮೇಲೆ ಎರಡೂ ಮೊಣಕಾಲು ಸವರಿಕೊಂಡು, "ಮುಂದಿನ ಸಲಕ್ಕೆ ಇವು ಬರುವುದಿಲ್ಲ. ಡಾಕ್ಟರು ಹೇಳಿಯಾಗಿದೆ," ಅಂದರು.

ಒಪ್ಪಿಕೊಂಡೆ. ಗ್ರೀನ್ ಕಾರ್ಡಿನ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಮೊಣಕಾಲು ಸವರಿಕೊಂಡ ರೀತಿಯೂ ನನ್ನನ್ನು ಒಪ್ಪಿಸಿತು.

ನಂತರ ಎಷ್ಟೋ ಶನಿವಾರ ಲೈಬ್ರರಿಯಲ್ಲಿ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತೆ. ಹಳೆಯ ಪತ್ರಿಕೆಗಳು ಕಣ್ಣಮುಂದೆ ಸುರುಳಿ ಸುರುಳಿಯಾಗಿ ಓಡಿದವು. ಹತ್ತಿಯ ಧಾರಣೆ, ಬಿರುಗಾಳಿ, ಟೋಪಿಯ ಜಾಹೀರಾತು, ಹಾಯಿದೋಣಿಯ ರೇಸುಗಳು, ಎಲ್ಲ ಸಿಕ್ಕವು. ನಮ್ಮ ಬೋಟಿನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅಂದೆ: "ಒಂದು ಬೋಟು ಅಷ್ಟು ರೇಸಿಗೆ ಹೋಗಿ ಒಂದ್ ಸಲಾನೂ ಪೇಪರ್‌ನ್ಯಾಗ ಬರೂದಿಲ್ಲ ಅಂದ್ರ ಏನೋ ಮುಚ್ಚಿಟ್ಟಾರ. ಏನೋ ಭಾನಗಡಿ ಐತಿ."

ನನ್ನದು ಧಾರವಾಡ, ಹೆಂಡತಿಯದು ಮೈಸೂರು. ಅವಳು ಸಾರು ಬಡಿಸುತ್ತ ಕೇಳಿದಳು: "ರೀ, ಬೋಟಿಗೆ ಆ ಹೆಸರು ಇಟ್ಟಿದ್ದು ಯಾರು?"

"ಬಾಸು. ಅವರ ಮೊಮ್ಮಗಳ ಹೆಸರು."

"ಮೊಮ್ಮಗಳಿಗೆ ಎಷ್ಟು ವಯಸ್ಸು?"

"ಎರಡನೇ ಕ್ಲಾಸಿನ್ಯಾಗ ಅದಾಳ..." ಅನ್ನುವಷ್ಟರಲ್ಲಿ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಟಿವಿಯಿಂದ ತಲೆ ತಿರುಗಿಸಿ, "ಅಪ್ಪಾ, ಯೂ ವರ್ ಲುಕಿಂಗ್ ಫಾರ್ ಎ ಸೆಕೆಂಡ್ ಗ್ರೇಡರ್?" ಅಂದಳು. ಎರಡನೇ ಕ್ಲಾಸಿನ ಹುಡುಗಿಯ ಹೆಸರನ್ನು ನಾನು ಅವಳ ಅಜ್ಜ ಹುಟ್ಟುವ ಮೊದಲಿನ ಪತ್ರಿಕೆಗಳಲ್ಲಿ ಹುಡುಕುತ್ತಿದ್ದೆ. ಇಂಥ ತಪ್ಪು ಹಿಡಿಯುವುದಕ್ಕೆಂದೇ ಕಂಪನಿ ನನ್ನನ್ನು ಸಾವಿರಾರು ಮೈಲಿ ದೂರದಿಂದ ಕರೆಸಿಕೊಂಡಿತ್ತು.

"ನಿಮ್ಮಮ್ಮನ ತೌರಿಗೆ ಹೋಗಿ ನಿಮ್ಮನೇಲಿ ಕರೆಯೋ ಹೆಸರು ಹಿಡಿದು ಕೇಳಿದ್ರೆ ಯಾರಾದ್ರೂ ಗುರುತು ಹೇಳ್ತಾರಾ?" ಅಂದಳು ಹೆಂಡತಿ. "ಇದಕ್ಕೆ ಎಷ್ಟು ಮದುವೆ ಆಗಿದೆಯೋ, ಮೊದಲು ಅದನ್ನ ವಿಚಾರಿಸಿ."

ಅವಳ ಮಾತು ನಿಜ. ನಮ್ಮ ಅಮ್ಮನ ಮದುವೆಯಲ್ಲಿ ಅಕ್ಕಿ ಹರವಿದ ತಟ್ಟೆಯಲ್ಲಿ ಅಪ್ಪ ಉಂಗುರದಿಂದ ಹೊಸ ಹೆಸರು ಬರೆದಿದ್ದರು. ಅವತ್ತಿನಿಂದ ಅವಳು ನಮ್ಮ ಮನೆಯಲ್ಲಿ ಒಬ್ಬಳು, ತವರಿನಲ್ಲಿ ಇನ್ನೊಬ್ಬಳು. ತವರಿನಿಂದ ಬಂದ ಕಾಗದವನ್ನು ಪೋಸ್ಟಿನವನು "ಈ ಹೆಸರಿನವರು ಇಲ್ಲಿಲ್ಲ" ಎಂದು ವಾಪಸು ಒಯ್ದದ್ದೂ ಉಂಟು. ಬೋಟಿಗೂ ಇದೇ ಆಗಿತ್ತು. ಪ್ರತಿ ಯಜಮಾನ ತನ್ನ ಮನೆಯ ಹೆಸರಿಟ್ಟಿದ್ದ. ನಾನಿನ್ನು ಪತ್ರಿಕೆ ಬಿಟ್ಟು ಸಂಬಂಧ ವಿಚಾರಿಸುವ ರೀತಿ ಹಿಡಿದೆ: ಯಾರ ಕಡೆಯಿಂದ ಬಂದದ್ದು, ಅದಕ್ಕೂ ಮೊದಲು ಯಾರ ಮನೆಯಲ್ಲಿತ್ತು.

ಬಾಸ್ ಬೋಟು ಕೊಂಡದ್ದು ಡಾಲಸ್ಸಿನ ಒಬ್ಬ ಹಲ್ಲಿನ ಡಾಕ್ಟರಿಂದ. ಅದರ ಪಕ್ಕದ ಫ್ರಿಸ್ಕೋದಲ್ಲಿ ನನ್ನ ಹಳೆಯ ಗೆಳೆಯನಿದ್ದ. ಅವನ ಹೊಸ ಮನೆಯಲ್ಲಿ ಉಳಿದು, ಅದರ ಪ್ರತಿ ಬಾತ್‌ರೂಮನ್ನೂ ನೋಡಿ ಮೆಚ್ಚಿ, ಮರುದಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಅವರು ನನ್ನ ಮಾತು ಕೇಳುವುದಕ್ಕಿಂತ ಹೆಚ್ಚಾಗಿ ನನ್ನ ಹಲ್ಲುಗಳನ್ನೇ ನೋಡುತ್ತಿದ್ದರು. ಬಾಯಿ ಆದಷ್ಟು ಮುಚ್ಚಿಕೊಂಡೇ ಪ್ರಶ್ನೆ ಕೇಳಿದೆ.

"ನಾನು ಅದಕ್ಕೆ ಹೆಂಡತಿಯ ಹೆಸರಿಟ್ಟಿದ್ದೆ. ಮೊದಲನೆಯ ಹೆಂಡತಿ. ಎರಡನೆಯವಳು ಬಂದ ಕೂಡಲೇ ಬೋಟು ಮಾರಿಸಿದಳು," ಅಂದರು.

"ನಿಮಗಿಂತ ಮೊದಲು ಏನು ಹೆಸರಿತ್ತು?"

"ಮಾರಿದ ಏಜೆಂಟ್ ಏನೂ ಹೇಳಲಿಲ್ಲ. ಆದರೆ ಹಿಂಬದಿಯ ಬಣ್ಣ ಕೆರೆದಾಗ ಹಳೆಯ ಅಕ್ಷರಗಳು ಕಂಡವು. ಅದನ್ನು ಮರೆಯುವುದುಂಟೆ? ನನ್ನ ಅತ್ತೆಯ ಹೆಸರು! ಅವತ್ತೇ ಕೂತು ಪೂರ್ತಿ ಉಜ್ಜಿ ತೆಗೆದೆ."

ಆ ಅತ್ತೆಗೆ ನಾನು ಇವತ್ತಿಗೂ ಋಣಿ. ಆ ಹೆಸರು ಹಿಡಿದು ಲೈಬ್ರರಿಗೆ ಹೋದರೆ ಪತ್ರಿಕೆಗಳು ಮಾತಾಡಿಯೇ ಬಿಟ್ಟವು. ನಮ್ಮ ಬೋಟು ರೇಸು ಗೆದ್ದಿತ್ತು, ಸೋತಿತ್ತು, ಒಮ್ಮೆ ಮರಳು ದಿಬ್ಬಕ್ಕೆ ಹತ್ತಿ ಕೂತಿತ್ತು. ಕಟ್ಟಿಸಿದವರ ಹೆಸರೂ ಇತ್ತು. ಆದರೆ ಪತ್ರಿಕೆಯಲ್ಲಿದ್ದ ಬೋಟೇ ನಮ್ಮ ಬೋಟು ಎನ್ನುವುದಕ್ಕೆ ಡಾಕ್ಟರ ನೆನಪೊಂದೇ ಆಧಾರ, ಅಕ್ಷರಗಳು ಉಳಿದಿರಲಿಲ್ಲ. ರೇಸಿನವರು ಒಪ್ಪುವುದಿಲ್ಲ ಅಂದರು. ಕಟ್ಟಿಸಿದವರ ಮಗಳು ಆಸ್ಟಿನ್ನಿನಲ್ಲಿದ್ದಾರೆಂದು ಗೊತ್ತಾಗಿ ಫೋನ್ ಮಾಡಿದೆ. "ಶನಿವಾರ ಬನ್ನಿ," ಅಂದರು.

ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಹೆಂಡತಿ ಚಕ್ಕುಲಿ ಮಾಡಿ ತಂದಿದ್ದಳು. ಆ ತಾಯಿಗೆ ಎಪ್ಪತ್ತರ ಮೇಲಾಗಿತ್ತು. ಮರ್ಯಾದೆಗೆಂದು ಒಂದು ಚಕ್ಕುಲಿ ಕಚ್ಚಿದರು. ಕಟ್ ಎಂದು ಸದ್ದಾಯಿತು. ಹಲ್ಲೋ ಚಕ್ಕುಲಿಯೋ ತಿಳಿಯದೆ ನಾನು ಉಸಿರು ಹಿಡಿದುಕೊಂಡೆ. ಚಕ್ಕುಲಿಯೇ.

"ಅದು ಇನ್ನೂ ತೇಲುತ್ತದೆಯೇ?" ಎಂದು ಮೊದಲು ಕೇಳಿದರು. ನಮ್ಮ ಊರಿನ ಕಡೆ 'ಅವಳು ಚೆನ್ನಾಗಿದ್ದಾಳಾ' ಎಂದು ಕೇಳುವ ದನಿಯಲ್ಲೇ.

ನನ್ನ ಕಷ್ಟ ಹೇಳಿದೆ. ಅವರು ಒಳಗಿನಿಂದ ಒಂದು ಫೋಟೋ ತಂದರು. ಚುಕ್ಕಾಣಿಯ ಹಿಂದಿನ ಇಕ್ಕಟ್ಟು ಜಾಗದಲ್ಲಿ ಬರಿಗಾಲಿನ ಪುಟ್ಟ ಹುಡುಗಿ, ಪಕ್ಕದಲ್ಲಿ ಹಳೆಯ ಹೆಸರು ಬರೆದ, ನೀರಿಗೆ ಬಿದ್ದವರಿಗೆ ಎಸೆಯುವ ಟ್ಯೂಬು, ಅಂಚಿನಲ್ಲಿ ಸ್ಟುಡಿಯೋದವರು ಒತ್ತಿದ ಇಸವಿ. "ನನ್ನ ಕಾಲಿನ ಹತ್ತಿರ ನೋಡಿ," ಅಂದರು. ನೆಲದ ಹಲಗೆಯ ಮೇಲೆ ದೋಸೆಯಗಲದ ಕಪ್ಪು ಉಂಗುರ, ಅದರ ಅಂಚಿಗೆ ಮರದ ಒಂದು ಗಂಟು. "ಅಪ್ಪ ಅಲ್ಲಿ ಕುದಿಯುವ ಪಾತ್ರೆ ಇಟ್ಟುಬಿಟ್ಟರು. ಅಮ್ಮ ಬದುಕಿರುವವರೆಗೂ ಅದನ್ನು ಎತ್ತಿ ಆಡಿದರು. ಆ ಹಲಗೆ ಇದ್ದರೆ ನಿಮ್ಮದು ನಮ್ಮ ಬೋಟೇ."

ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ಗಡಿಯಾರ ನೋಡಿದೆ. ಚುಕ್ಕಾಣಿಯ ಹತ್ತಿರ ಒಂದು ಅಸಹ್ಯ ಕಪ್ಪು ಕಲೆ ಇದೆ, ಈ ಶನಿವಾರ ಮೆಷಿನ್ ಹಾಕಿ ಉಜ್ಜಿ ವಾರ್ನಿಷ್ ಹೊಡೆಯುತ್ತೇನೆ ಎಂದು ಹಿಂದಿನ ದಿನವಷ್ಟೇ ಬಾಸ್ ಹೇಳಿದ್ದರು.

ಫೋನ್ ಮಾಡಿದೆ. ಎತ್ತಲಿಲ್ಲ. ಮೆಷಿನ್ನಿನ ಸದ್ದಿನಲ್ಲಿ ಹೇಗೆ ಕೇಳಬೇಕು? ವಾಯ್ಸ್‌ಮೇಲಿನಲ್ಲಿ "ಸರ್, ಉಜ್ಜಬೇಡಿ ಸರ್, ದಯವಿಟ್ಟು ಉಜ್ಜಬೇಡಿ" ಎಂದು ಬಿಟ್ಟು, ಫೋಟೋ ಕೇಳಿ ಪಡೆದು, ಕಾರು ಹತ್ತಿದೆ. ದಾರಿಯಲ್ಲಿ ಹೆಂಡತಿ ಸ್ಪೀಡಿನ ಮುಳ್ಳನ್ನೇ ನೋಡುತ್ತಿದ್ದಳು.

"ರೀ, ಆ ಲಾರಿ ಕೂಡ ನಮ್ಮನ್ನ ದಾಟಿ ಹೋಯ್ತು."

"ಪೊಲೀಸರು ಹಿಡದ್ರ ಏನ್ ಮಾಡ್ತಿ? ರೆಕಾರ್ಡಿನ್ಯಾಗ ಬರ್ತದ."

"ಬೋಟ್ ಉಳಿಸೋಕೆ ಹೊರಟಿದ್ದೀರೋ ಪೆಟ್ರೋಲ್ ಉಳಿಸೋಕೋ? ನಿಲ್ಸಿ. ನಾನು ಓಡಿಸ್ತೀನಿ."

ನಿಲ್ಲಿಸಿದೆ. ಅಲ್ಲಿಂದ ಮುಂದಿನ ಪ್ರಯಾಣದಲ್ಲಿ ನಾನು ಬಾಗಿಲಿನ ಹಿಡಿಕೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ. ಹಾಗಾಗಿ ವರ್ಣಿಸಲು ಸಾಧ್ಯವಿಲ್ಲ.

ಯಾರ್ಡಿಗೆ ತಲುಪಿದಾಗ ಮೆಷಿನ್ ಓಡುತ್ತಲೇ ಇತ್ತು. ಏಣಿಯ ಅರ್ಧ ಹತ್ತಿದೆ. ಪೂರ್ತಿ ಹತ್ತಲು ಧೈರ್ಯ ಸಾಲಲಿಲ್ಲ. ತಲೆಯಿಂದ ಕಾಲಿನವರೆಗೆ ಮರದ ಪುಡಿ ಮೆತ್ತಿಕೊಂಡ ಬಾಸ್ ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿದರು. ಅವರ ಹಿಂದೆ ಡೆಕ್ಕಿನ ಹಲಗೆಗಳೆಲ್ಲ ಹೊಸದಾಗಿ ಬೆಳ್ಳಗಾಗಿದ್ದವು. ಫೋಟೋ ಚಾಚಿದೆ. ಅವರು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು ಚುಕ್ಕಾಣಿಯ ಕಡೆ ಕೈ ತೋರಿಸಿದರು. ಉಂಗುರ ಅಲ್ಲೇ ಇತ್ತು. ಗಂಟೂ ಇತ್ತು.

"ಬೆಳಿಗ್ಗೆ ಮೊದಲು ಅಲ್ಲಿಂದಲೇ ಶುರು ಮಾಡಲು ನೋಡಿದೆ. ಆ ಸಂದಿಯಲ್ಲಿ ಮೊಣಕಾಲು ಮಡಚಲು ಆಗಲಿಲ್ಲ, ಬಿಟ್ಟೆ," ಅಂದರು. ಮೊಣಕಾಲಿಗೆ ಒಂದು ತಟ್ಟಿ, "ಈ ಹಾಳು ಮಂಡಿಗಳು ಮಾಡಿದ ಮೊದಲ ಉಪಕಾರ," ಎಂದು ಅಲ್ಲೇ ಕೂತುಬಿಟ್ಟರು. ಕಣ್ಣು ಒರೆಸಿಕೊಂಡದ್ದು ಮರದ ಪುಡಿಗೋ ಏನೋ, ನಾನು ಕೇಳಲಿಲ್ಲ.

ರೇಸಿನ ಕಡೆಯಿಂದ ತಪಾಸಣೆಗೆ ಬಂದಾಕೆ ಫೋಟೋವನ್ನು ಹಲಗೆಯ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಎರಡನ್ನೂ ನೋಡಿದರು. ಫೋಟೋ ನಕಲಿ ಅನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. "ಸರಿ, ಇದೇ," ಎಂದು ಸಹಿ ಹಾಕಿ ಹೋದರು.

ಬೋಟನ್ನು ನೀರಿಗಿಳಿಸಿದ ದಿನ ನಾನು ಹೋಗಲಿಲ್ಲ. ಪಕ್ಕದಲ್ಲಿ ನಿಂತಿದ್ದರೆ ಹತ್ತು ಅನ್ನುತ್ತಾರೆ, ಹತ್ತಿದರೆ ಹೊರಟುಬಿಡುತ್ತಾರೆ. ರೇಸಿನ ಬೆಳಿಗ್ಗೆ ಮಾತ್ರ ತಪ್ಪಿಸಲಿಲ್ಲ. ಹೆಂಡತಿಯೂ ನಾನೂ ಗ್ಯಾಲ್ವೆಸ್ಟನ್ನಿನಲ್ಲಿ ಸಮುದ್ರಕ್ಕೆ ಚಾಚಿದ ಕಲ್ಲಿನ ಕಟ್ಟೆಯ ಮೇಲೆ ನಿಂತೆವು; ಬೋಟುಗಳು ಅದರ ಪಕ್ಕದಲ್ಲೇ ಹಾದು ಹೊರಗೆ ಹೋಗಬೇಕು. ಹೊಸ ರೋಲ್ ಹಾಕಿದ ಕ್ಯಾಮೆರಾ ಕೊರಳಲ್ಲಿತ್ತು. ಹಾಯಿಗಳು ಒಂದೊಂದಾಗಿ ಬಂದವು. ನಮ್ಮದು ಬರುವುದು ಕಂಡಿತು: ಬಿಳಿಯ ಮೈ, ಕಂದು ಮರದ ಅಂಚು, ಗಂಭೀರವಾಗಿ ವಾಲಿಕೊಂಡು ಬರುತ್ತಿತ್ತು. ಹೆಣ್ಣು ಕಳಿಸಿಕೊಡುವವನಂತೆ ಎರಡೂ ಕೈ ಎತ್ತಿ ಬೀಸಿದೆ. "ಹುಷಾರು ಸರ್!" ಎಂದು ಕೂಗಿದೆ, ಕನ್ನಡದಲ್ಲಿ. ಬೋಟಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ಕೈ ಬೀಸಿದರು. ಒಬ್ಬ ಟೋಪಿಯನ್ನೂ ತೆಗೆದ. ಅದು ಚುಕ್ಕೆಯಾಗುವವರೆಗೆ ಫೋಟೋ ತೆಗೆದು ರೋಲ್ ಮುಗಿಸಿ, ಕಣ್ಣೊರೆಸಿಕೊಂಡು ತಿರುಗಿದೆ.

ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು.

"ಯಾರ್ರೀ ಅವರು? ಪರಿಚಯದವರಾ?"

"ಯಾರಂದ್ರ? ನಮ್ಮ ಬಾಸು!"

"ಅಯ್ಯೋ, ನಿಮ್ಮ ಬಾಸು ಅದರ ಹಿಂದಿನ ಬೋಟಲ್ಲಿ ಇದ್ರು. ಅಷ್ಟು ಹತ್ತಿರ ಬಂದು ಕೂಗಿ ಕೂಗಿ ಕರೆದ್ರು. ನೀವು ಆ ಕಡೆ ತಿರುಗಿ ಇವರ ಫೋಟೋ ತೆಗೀತಾನೇ ಇದ್ರಿ. ಪಾಪ ಅಂತ ನಾನೇ ಕೈ ಬೀಸಿದೆ."

ಕಂಬ ಕೊಟ್ಟು ನಿಲ್ಲಿಸಿದ್ದ ಬೋಟನ್ನು ನಾನು ಕೆಳಗೆ ನಿಂತು ನೋಡಿ ಬಲ್ಲೆ; ಹಾಯಿ ಬಿಚ್ಚಿಕೊಂಡು ನೀರಿನ ಮೇಲೆ ಹೋಗುವಾಗ ಅದು ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಕೆಲವು ದಿನಗಳ ಮೇಲೆ ಮೆಕ್ಸಿಕೋದಿಂದ ಬಾಸ್ ಫೋನ್ ಮಾಡಿದರು. ಕ್ಷೇಮವಾಗಿ ಮುಟ್ಟಿದ್ದರು, ಹಳೆಯ ಬೋಟುಗಳಲ್ಲಿ ಕೊನೆಯವರೂ ಆಗಿರಲಿಲ್ಲ. ದನಿ ಇಪ್ಪತ್ತರ ಹುಡುಗನದಾಗಿತ್ತು. ಎಲ್ಲ ಹೇಳಿ ಮುಗಿಸಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಅವತ್ತು ಕಟ್ಟೆಯ ಮೇಲೆ ನೀನು ನಮಗೆ ಬೆನ್ನು ಹಾಕಿ ನಿಂತಿದ್ದೆ. ನನ್ನ ಮೇಲೆ ಏನಾದರೂ ಬೇಜಾರೇ?"