ಜೇಬಿನಲ್ಲಿ ಉಳಿದ ಕೀಲಿಕೈ

ಹೆದರುವುದಕ್ಕೆ ನನಗೆ ಯಾರ ತರಬೇತಿಯೂ ಬೇಕಿರಲಿಲ್ಲ. ಇಂಜಿನಿಯರಿಂಗ್ ಓದುತ್ತ ಕೊಪ್ಪಳದ ಹತ್ತಿರದ ದೊಡ್ಡ ಕಾರ್ಖಾನೆಯೊಂದಕ್ಕೆ ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಹೋದಾಗ ಗೇಟಿನ ವಾಚ್‌ಮನ್‌ಗೂ ಹೆದರುತ್ತಿದ್ದೆ, ನನ್ನದೇ ಊಟದ ಡಬ್ಬಿ ಸದ್ದು ಮಾಡಿದರೂ ಹೆದರುತ್ತಿದ್ದೆ. ಎಲ್ಲಕ್ಕಿಂತ ದೊಡ್ಡದು ಕೊನೆಯ ವಾರದ ಇಂಟರ್‌ವ್ಯೂ. ಅದು ಒಲಿದರೆ ಕೆಲಸ, ಇಲ್ಲವಾದರೆ ಹುಲಿಗಿಯ ನಮ್ಮ ಓಣಿಯವರೆಲ್ಲ ಕೇಳುವ "ಮುಂದೇನವಾ?" ಎಂಬ ಪ್ರಶ್ನೆ.

ಮೊದಲ ದಿನವೇ ನನ್ನ ಫೋಟೊ ಅಂಟಿಸಿದ ಕೆಂಪು ಬೀಗವೊಂದನ್ನು ಕೊಟ್ಟಿದ್ದರು. ಯಂತ್ರದೊಳಗೆ ಇಳಿಯುವವರು ಅದರ ಸ್ವಿಚ್ಚಿಗೆ ತಮ್ಮ ಬೀಗ ಹಾಕಿ ಕೀಲಿಕೈ ಜೇಬಿನಲ್ಲಿಟ್ಟುಕೊಳ್ಳಬೇಕು, ಹೊರಬಂದ ಮೇಲೆ ತಾವೇ ತೆಗೆಯಬೇಕು; ಅಲ್ಲಿಯವರೆಗೆ ಯಂತ್ರ ಓಡುವಂತಿಲ್ಲ. ನಮ್ಮ ಅಜ್ಜಿಯ ಲೋಕದಲ್ಲಿ ಬೀಗ ಕಂಡರೆ ಒಳಗೆ ಯಾರೂ ಇಲ್ಲ ಎಂದರ್ಥ. ಇಲ್ಲಿ ಬೀಗ ಕಂಡರೆ ಒಳಗೊಂದು ಜೀವ ಇದೆ ಎಂದರ್ಥ. ಇದನ್ನು ನಾನು ಸುರಕ್ಷತೆಯ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ ಕೂಡ.

ಇಂಟರ್‌ವ್ಯೂ ಹಿಂದಿನ ದಿನ, ಮಂಗಳವಾರ. ನೆಲದಡಿಯ ಸುರಂಗದಲ್ಲಿ ಮರಳು ಸಾಗಿಸುವ ಬೆಲ್ಟಿನ ಅಳತೆ ತೆಗೆಯಲು ಹಿರಿಯ ಮೆಕ್ಯಾನಿಕ್ ಖಾದರ್ ಚಾಚಾ ನನ್ನನ್ನು ಕಳಿಸಿದರು. ಮುಗಿಸಿ ಹೊರಬಂದವಳಿಗೆ ನಾಳಿನದೇ ಧ್ಯಾನ. ಮಂಗಳವಾರ ನಮ್ಮೂರ ದೇವಿ ಹುಲಿಗೆಮ್ಮನ ಭಕ್ತರಿಂದ ಬಸ್ಸು ತುಂಬಿಬಿಡುತ್ತದೆಂದು ಗೇಟಿನ ರಿಜಿಸ್ಟರಿನಲ್ಲಿ ಹೊರಹೋಗುವ ಸಹಿಯನ್ನೂ ಹಾಕದೆ ಓಡಿದೆ.

"ಆಧಾರ್ ತೋರಸ್ರಿ ಅಕ್ಕಾರ" ಎಂದ ಕಂಡಕ್ಟರ್. ಉಚಿತ ಟಿಕೆಟ್ಟಿಗಾಗಿ ಜೇಬಿಗೆ ಕೈ ಹಾಕಿದರೆ ಕಾರ್ಡಿನ ಜೊತೆ ಕೀಲಿಕೈಯೂ ಬಂತು. ಬೆಲ್ಟಿನ ಸ್ವಿಚ್ಚಿಗೆ ಹಾಕಿದ ನನ್ನ ಬೀಗ ಅಲ್ಲೇ ಉಳಿದಿತ್ತು. ಸದ್ದು ಆರಿಸಿದ್ದ ಫೋನಿನಲ್ಲಿ ಚಾಚಾ ಅವರ ಹನ್ನೊಂದು ಕರೆಗಳು. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗೆ, ಕೈಯಲ್ಲಿದ್ದಾಗಲೇ ಅದು ಮತ್ತೆ ಮಿಣುಕಿತು. ಬೈಗುಳ ಕೇಳುವ ಧೈರ್ಯವಿಲ್ಲದೆ ನಾನು ಎತ್ತಲಿಲ್ಲ. ಹಿಟ್ನಾಳದಲ್ಲಿ ಇಳಿದು ಎದುರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕ್ಷಮೆಯ ವಾಕ್ಯಗಳನ್ನು ಕಟ್ಟಿದೆ. ಕೆಲಸ ಕೈತಪ್ಪಿತೆಂದು ಹುಲಿಗೆಮ್ಮನಿಗೂ ತಿಳಿಸಿದೆ.

ಸುರಂಗದ ಬಾಯಲ್ಲಿ ಚಾಚಾ ಬ್ಯಾಟರಿ ಹಿಡಿದು ನಿಂತಿದ್ದರು. ಮೊಣಕಾಲು, ಗಡ್ಡ ಎಲ್ಲ ಕರಿಮರಳು. ನನ್ನನ್ನು ಕಂಡವರೇ ನೆಲದ ಮೇಲೆ ಕುಳಿತುಬಿಟ್ಟರು.

"ಎರಡು ಸಲ ಒಳಗೆಲ್ಲ ತೆವಳಿ ನೋಡಿ ಬಂದೀನವಾ. ನಿನ್ನ ಬೀಗ ಐತಿ, ನೀ ಇಲ್ಲ. ಬೆಲ್ಟು ನಿಂತ್ರ ನಿಲ್ಲಲಿ. ಫೋನ್ ಯಾಕ ಎತ್ತಲಿಲ್ಲ?"

"ಹೆದರಿದ್ದೆ, ಚಾಚಾ."

"ನಾವು?" ಎಂದರು ಅವರು.

ಕಟ್ಟಿಕೊಂಡು ಬಂದಿದ್ದ ಇಂಗ್ಲಿಷನ್ನೆಲ್ಲ ಬಿಟ್ಟು, ಹೋಗಿ ಬೀಗ ತೆಗೆದೆ. ನನ್ನ ಕೆಲಸಕ್ಕಾಗಿ ನಾನು ಹೆದರುತ್ತ ಕೂತಿದ್ದಷ್ಟು ಹೊತ್ತೂ ಅವರು ನನ್ನ ಜೀವಕ್ಕಾಗಿ ಹೆದರಿದ್ದರು. ನಾಚಿಕೆಯಿಂದ ಅಳು ಬಂತು.

ಮರುದಿನ ಎದುರಿಗೆ ಕುಳಿತ ಮೂವರಲ್ಲಿ ಒಬ್ಬರು, "ನಿನ್ನಿ ಬೆಲ್ಟು ಯಾಕ ನಿಂತಿತ್ತು?" ಎಂದು ಕೇಳಿಯೇಬಿಟ್ಟರು.

"ಕೀಲಿಕೈ ನಾ ಒಯ್ದಿದ್ದೆರಿ. ಅದಕ್ಕಿಂತ ದೊಡ್ಡ ತಪ್ಪಂದ್ರ, ಫೋನ್ ಎತ್ತಲಿಲ್ಲರಿ."

ಅವರು ಏನೋ ಬರೆದುಕೊಂಡರು. ಏನು ಬರೆದರೋ ಎಂದು ಎಂಟು ದಿನ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಕೆಲಸ ಸಿಕ್ಕಿತು.

ಹೆದರಿಕೆ ಹೋಯಿತು ಎಂದರೆ ಸುಳ್ಳಾದೀತು. ಗೇಟಿನ ವಾಚ್‌ಮನ್ ಕಂಡರೆ ಇವತ್ತಿಗೂ ಹೆದರುತ್ತೇನೆ. ಆದರೆ ಫೋನು ಮಿಣುಕಿದರೆ ತಕ್ಷಣ ಎತ್ತುತ್ತೇನೆ. ಅತ್ತ ಕಡೆ ಮೊಬೈಲ್ ಕಂಪನಿಯವರೇ ಇರಲಿ, ಮೊದಲು "ಹೊರಗ ಅದೀನ್ರಿ" ಎಂದುಬಿಡುತ್ತೇನೆ.