ರಾಚಯ್ಯನವರ ನೀಲಿ ಬಟ್ಟೆ, ಸಾಹುಕಾರರ ಕಪ್ಪು ಕಾರು

ತೆರಕಣಾಂಬಿ ಬಸ್‌ಸ್ಟ್ಯಾಂಡಿನಿಂದ ಗುಂಡ್ಲುಪೇಟೆ ಕಡೆಗೆ ಸ್ವಲ್ಪ ಮುಂದೆ ಬಂದರೆ ರಸ್ತೆ ಪಕ್ಕ ಒಂದು ಬೇವಿನ ಮರ, ಅದರ ಕೆಳಗೆ ರಾಚಯ್ಯನವರ ವಾಟರ್ ಸರ್ವಿಸ್. ನಾನು ಚಾಮರಾಜನಗರದಲ್ಲಿ ಟ್ಯಾಕ್ಸಿ ಓಡಿಸುವವನು. ನಮ್ಮೂರಲ್ಲೇ ಮೂರು ಸರ್ವಿಸ್ ಇದ್ದರೂ ವಾರಕ್ಕೊಮ್ಮೆ ಇಲ್ಲಿಗೇ ಬರುತ್ತೇನೆ. ಯಾಕೆಂದರೆ ಕಾರು ತೊಳೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಒರೆಸುವವರು ಸಿಗುವುದಿಲ್ಲ. ರಾಚಯ್ಯನವರು ಒರೆಸುವುದನ್ನು ಒಮ್ಮೆ ನಿಂತು ನೋಡಿ, ಆಮೇಲೆ ಹೇಳಿ!

ಅವರಿಗೀಗ ಐವತ್ತೆಂಟು. ಮೊದಲು ಗಂಗಾಧರಸ್ವಾಮಿ ಎಂಬ ಸಾಹುಕಾರರ ಹೊಲದಲ್ಲಿ ಕೂಲಿ, ಆಮೇಲೆ ಕೇರಳಕ್ಕೆ ಹೋಗುವ ತರಕಾರಿ ಲಾರಿಯಲ್ಲಿ ಕ್ಲೀನರ್. ಅಲ್ಲೇ ಒಬ್ಬ ಮಲಯಾಳಿ ಡ್ರೈವರ್ ಮೈ ಒರೆಸುವ ತೆಳು ಹತ್ತಿ ಬಟ್ಟೆ, ತೋರ್ತು ಅನ್ನುತ್ತಾರಲ್ಲ, ಅದನ್ನು ಕೊಟ್ಟನಂತೆ. ಅವತ್ತಿನಿಂದ ಬಟ್ಟೆಯ ಹುಚ್ಚು. ಹೊಸ ಟವೆಲ್ ನೀರು ಕುಡಿಯುವುದಿಲ್ಲ, ಹತ್ತು ಸಲ ಒಗೆಯಬೇಕು. ಪಂಚೆಯಾದರೆ ಜರಿ ಅಂಚು ಹರಿದು ಬಿಸಾಕಬೇಕು. ಲುಂಗಿ ಬಣ್ಣ ಬಿಡುತ್ತದೆ. ಯಾವ ಬಟ್ಟೆಯಾದರೂ ಮೊದಲು ಅವರ ಕೆನ್ನೆಗೆ ಉಜ್ಜಿ ಪಾಸಾಗಬೇಕು. ಮೇಲ್ಭಾಗಕ್ಕೆ ಒಂದು, ಬಾಗಿಲಿಗೆ ಒಂದು, ಚಕ್ರಕ್ಕೆ ಒಂದು. ಮೇಲಿನ ಬಟ್ಟೆ ಒಂದು ಸಲ ನೆಲಕ್ಕೆ ಬಿತ್ತೋ, ಅವತ್ತಿನಿಂದ ಅದು ಚಕ್ರದ ಬಟ್ಟೆ. ಬಡ್ತಿ ಮತ್ತೆ ಸಿಗುವುದಿಲ್ಲ.

"ನನ್ನ ಮದ್ವೆ ಸೀರೆನ ಇಂಗೆ ಜ್ವಾಪಾನ ಮಾಡ್ಲಿಲ್ಲ ಕಣಪ್ಪ ಇವ್ರು," ಎಂದು ಅವರ ಹೆಂಡತಿ ಸುಂದ್ರಮ್ಮ ನನ್ನ ಹತ್ತಿರ ದೂರು ಹೇಳುತ್ತಾರೆ. ಬಟ್ಟೆ ಒಗೆಯುವವರು ಅವರೇ. ಕಲ್ಲಿಗೆ ಬಡಿಯುವಂತಿಲ್ಲ, ಹಿಂಡಿ ತಿರುಚುವಂತಿಲ್ಲ. ಜಾಲಿಸಿ ಬೇವಿನ ಮರದ ಹಗ್ಗಕ್ಕೆ ಹಾಕಬೇಕು.

ದೀಪಾವಳಿಗೆ ನಾನು ಆನ್‌ಲೈನಲ್ಲಿ ನಾಲ್ಕು ನೀಲಿ ಮೈಕ್ರೋಫೈಬರ್ ಬಟ್ಟೆ ತರಿಸಿಕೊಟ್ಟೆ. ಕೆನ್ನೆಗೆ ಉಜ್ಜಿದ ರಾಚಯ್ಯನವರು, "ಮೊಲದ ಮರಿ ಇದ್ದಂಗದೆ ಕಣ್ಲಾ ದಿಲೀಪ," ಎಂದರು. ನನಗೆ ಆಕಾಶ ಮೂರೇ ಗೇಣು.

ಗಂಗಾಧರಸ್ವಾಮಿಯವರು ಕಪ್ಪು ಕಾರು ಕೊಂಡಿದ್ದೂ ಆಗಲೇ. ಶನಿವಾರ ಶನಿವಾರ ಇಲ್ಲೇ ತೊಳೆಸುತ್ತಿದ್ದರು. ಕೆಲಸ ಮುಗಿದ ಮೇಲೆ ರಾಚಯ್ಯನವರೇ ಕಾರನ್ನು, ಬೇವಿನ ಮರದಿಂದಲೇ ತಾರಸಿ ಕಾಣುವ ಅವರ ಮನೆಗೆ ಬಿಟ್ಟು, ಜಗುಲಿಯ ಕೆಳಗೆ ನಿಂತು "ಬುದ್ಧೀ" ಎಂದು ಕೂಗಿ ಕೀ ಕೊಟ್ಟು ಬರುವುದು. ಅವರ ಕೇರಿಯವರು ಯಾರೂ ಆ ಮನೆಯ ಹೊಸಿಲು ದಾಟಿದ್ದಿಲ್ಲ. ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಡಿಸೆಂಬರ್ ಕೊನೆಗೆ ಒಂದು ಶನಿವಾರ ಸಾಹುಕಾರರು ಬಾನೆಟ್ ಮೇಲೆ ಬಗ್ಗಿ ನೋಡಿದರು.

"ಏನ್ಲಾ ರಾಚ ಇದು? ಬೆಕ್ಕು ಪರಚ್ದಂಗದಲ್ಲಾ!"

ನಿಜ. ಬಿಸಿಲಿಗೆ ಹಿಡಿದರೆ ಕೂದಲೆಳೆಯಂಥ ಗೀರುಗಳು, ಕೈ ಆಡಿದ ಕಡೆಯೆಲ್ಲ.

"ಮುಂದ್ಲ ಬಾನ್ವಾರ ಚಾಮ್ರಾಜನಗರದಲ್ಲಿ ಮಗಳ ನಿಶ್ಚಿತಾರ್ಥ. ಅವತ್ತೂ ನೀನೇ ಒರ್ಸು. ಇನ್ನೊಂದು ಗೀರು ಬಿದ್ರೆ ಗುಂಡ್ಲುಪೇಟೆಲಿ ಕಾರ್ ತೊಳ್ಯೋ ಮಿಷಿನ್‌ಗೆ ಓಯ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡ."

ಸಾಹುಕಾರರು ಹೋದರೆ ಊರಿನ ಅರ್ಧ ಕಾರುಗಳು ಅವರ ಹಿಂದೆ ಹೋಗುತ್ತವೆ. ಅದಕ್ಕಿಂತ, ರಾಚಯ್ಯ ಒರೆಸಿದರೆ ಗೀರು ಬೀಳುತ್ತದೆ ಎಂಬ ಮಾತು ಉಳಿಯುತ್ತದೆ. ಬಟ್ಟೆ ತಂದುಕೊಟ್ಟವನು ನಾನು! ನನ್ನ ಕಾರು ಬಿಳಿ, ಅದರ ಮೇಲೆ ಏನೂ ಕಾಣುವುದಿಲ್ಲ.

"ನನ್ ಬಟ್ಟೆನೇ ಸರಿಯಿಲ್ವೇನೋ, ರಾಚಣ್ಣ."

"ಅದೇ ಬಟ್ಟೆ ದೀಪಾವಳಿ ತಿಂಗ್ಳಲ್ಲಿ ಗೀರಾಕ್ಲಿಲ್ವಲ್ಲಾ?"

ರಾಚಯ್ಯನವರು ಶಾಂಪೂ ಬದಲಾಯಿಸಿದರು. ನೀರು ಸೋಸಿದರು. ಉಗುರು ಬುಡಕ್ಕೆ ಕತ್ತರಿಸಿಕೊಂಡರು. ಮಾದಪ್ಪನ ಬೆಟ್ಟದಿಂದ ತಂದು ಹದಿನೈದು ವರ್ಷ ಬಿಚ್ಚದಿದ್ದ ತಾಮ್ರದ ಕಡಗವನ್ನೂ, ಎರಡು ಸಲ ಕೈಮುಗಿದು, ಬಿಚ್ಚಿ ಮೊಳೆಗೆ ನೇತುಹಾಕಿದರು. ಒಂದು ಹಳೇ ಕಪ್ಪು ಬಾಗಿಲು ತಂದು ಒರೆಸಿ ನೋಡಿದೆವು. ನೀಲಿ ಬಟ್ಟೆಯಲ್ಲಿ ಗೀರು. ತೋರ್ತಿನಲ್ಲಿ ಇಲ್ಲ. ಮೊಲದ ಮರಿ ಪರಚುತ್ತದೆ, ಒರಟು ಬಟ್ಟೆ ಸುಮ್ಮನಿರುತ್ತದೆ. ಇದೇನಿದು?

ಶುಕ್ರವಾರ ನಲ್ಲಿಯಲ್ಲಿ ನೀರಿರಲಿಲ್ಲ. ಬಿಂದಿಗೆ ಹೊರಲು ಸುಂದ್ರಮ್ಮ ಕೈಗೆ ಸಿಕ್ಕ ಒಂದು ನೀಲಿ ಬಟ್ಟೆಯನ್ನೇ ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಹೋದರು. ರಾಚಯ್ಯನವರು ನೋಡಿ ಕೂಗಾಡುವ ಮೊದಲೇ ಬಿಂದಿಗೆ ಇಳಿಸಿ ಕತ್ತು ಪರಪರ ಕೆರೆದುಕೊಳ್ಳತೊಡಗಿದರು.

"ಅಯ್ಯೋ, ಕಣ ಮಾಡ್ದಂಗೆ ನವೆ ಆಯ್ತದೆ! ಏನ್ ಬಟ್ಟೆ ತಂದ್ಕೊಟ್ಟಪ್ಪ ನೀನು?"

ರಾಚಯ್ಯನವರು ಬಟ್ಟೆ ಬಿಡಿಸಿ, ಬಿಸಿಲಿಗೆ ಹಿಡಿದು, ನೂಲಿನ ಬುಡ ಕೆದಕಿದರು. ಕಂದು ಬಣ್ಣದ ಸಣ್ಣ ಸಣ್ಣ ಚೂರು. ಆಮೇಲೆ ಹಗ್ಗ ನೋಡಿದರು. ಹಗ್ಗದಾಚೆ ರಸ್ತೆ ನೋಡಿದರು. ಟಾರು ರಸ್ತೆಯ ಮೇಲೆ ಉದ್ದಕ್ಕೂ ಹುರುಳಿ ಗಿಡ, ಇಲ್ಲಿಯವರ ಬಾಯಲ್ಲಿ ಉಳ್ಳಿ, ಹರಡಿತ್ತು. ಇಲ್ಲಿ ಎಲ್ಲರೂ ಹಾಗೇ, ಬಸ್ಸು ಲಾರಿ ತುಳಿದರೆ ಕಾಳು ತಾನಾಗಿ ಉದುರುತ್ತದೆ. ಒಂದೊಂದು ಬಸ್ಸು ಹೋದಾಗಲೂ ಹೊಟ್ಟು ಎದ್ದು ಒದ್ದೆ ಬಟ್ಟೆಗೆ ಬಡಿಯುತ್ತಿತ್ತು. ತೋರ್ತು ಕೊಡವಿದರೆ ಉದುರುತ್ತದೆ. ಮೈಕ್ರೋಫೈಬರ್ ಹಿಡಿದರೆ ಬಿಡುವುದಿಲ್ಲ. ನಾನು ಖುಷಿಯಲ್ಲಿ ಕುಣಿದೇಬಿಟ್ಟೆ. ರಾಚಯ್ಯನವರು ಕುಣಿಯಲಿಲ್ಲ.

"ಆ ಉಳ್ಳಿ ಯಾರ್ದು ಗೊತ್ತೇನ್ಲಾ? ಬುದ್ಧಿಯೋರ್ದೇಯ. ನಿಮ್ಮ ಉಳ್ಳಿಯಿಂದ ನಿಮ್ಮ ಕಾರು ಕೆಟ್ತು ಅಂತ ಎಂಗ್ಲಾ ಯೋಳದು?"

ಭಾನುವಾರ ಬೆಳಿಗ್ಗೆ ಸಾಹುಕಾರರು ರೇಷ್ಮೆ ಪಂಚೆಯುಟ್ಟು ಬಂದು ಬೇವಿನ ಮರದ ಕೆಳಗೇ ನಿಂತರು. ರಾಚಯ್ಯನವರು ಮುಚ್ಚಳದ ಡ್ರಮ್ಮಿನಲ್ಲಿಟ್ಟಿದ್ದ ತೋರ್ತು ತೆಗೆದರು. ಎಳೆಯಲಿಲ್ಲ, ಉಜ್ಜಲಿಲ್ಲ. ಬಾನೆಟ್ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ, ಎತ್ತಿದರು. ಎಳೆಗೂಸಿನ ಮೈ ಒರೆಸಿದಂತೆ. ಸಾಹುಕಾರರು ಬಗ್ಗಿ ಬಗ್ಗಿ ನೋಡಿದರು. ಹೊಸ ಗೀರು ಒಂದೂ ಇಲ್ಲ.

"ಅಂಗಾರೆ ಆವತ್ತು ಏನಾಗಿತ್ಲಾ?"

ರಾಚಯ್ಯನವರು ನನ್ನ ಮುಖ ನೋಡಿದರು, ನಾನು ಮರ ನೋಡಿದೆ. ಸುಂದ್ರಮ್ಮನೇ ನೀಲಿ ಬಟ್ಟೆ ತಂದು ಕಾರಿನ ಪಕ್ಕದ ಕಲ್ಲಿನ ಮೇಲಿಟ್ಟರು.

"ಒಸಿ ಕತ್ತಿಗೆ ಒತ್ಕೊಂಡು ನೋಡಿ ಬುದ್ಧಿ."

ಅವರು ಒತ್ತಿಕೊಂಡರು. ಎರಡೇ ನಿಮಿಷ. ಹೊಲದಲ್ಲಿ ಬೆಳೆದ ಮನುಷ್ಯ, ಕತ್ತು ಕೆರೆಯುತ್ತಲೇ ರಸ್ತೆ ಕಡೆ ತಿರುಗಿದರು.

"ಉಳ್ಳಿ ಒಟ್ಟು... ಅಂಗಾರೆ ನನ್ನ ಕಾರ್‌ಗೆ ಗೀರಾಕ್ದೋನು ನಾನೇಯಾ?"

"ಬಸ್ಸಿನೋರ್ದೂ ಒಸಿ ತಪ್ಪದೆ ಬುದ್ಧಿ," ಎಂದರು ರಾಚಯ್ಯನವರು.

ಸಾಹುಕಾರರು ನಕ್ಕುಬಿಟ್ಟರು. "ಆಯ್ತು ಬುಡು. ಉಳ್ಳಿ ಮುಗ್ಯಾಕೆ ಇನ್ನೊಂದು ವಾರ ಬೇಕು. ಅಲ್ಲಿಗಂಟ ಬಟ್ಟೆಗಳ್ನ ನಮ್ಮ ಮನೆ ತಾರಸಿ ಮೇಲೆ ಒಣಗಾಕಿ. ಅಲ್ಲಿ ಒಟ್ಟು ಬರಕಿಲ್ಲ."

ಸುಂದ್ರಮ್ಮ ಬಕೆಟ್ ಹಿಡಿದವರು ಹಾಗೇ ನಿಂತರು. "ತಾರಸಿಗೆ ಎಂಗೆ ಓಗದು ಬುದ್ಧಿ? ಮೆಟ್ಲು ಒಳಗಲ್ವಾ?"

ಸಾಹುಕಾರರೂ ಆ ಮಾತು ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಕತ್ತು ಕೆರೆಯುವ ಕೈ ನಿಂತಿತು. ಒಂದು ಬಸ್ಸು ಹುರುಳಿ ತುಳಿದುಕೊಂಡು ಹೋಯಿತು.

"ಒಳಗಿಂದ್ಲೇ ಓಗಮ್ಮ," ಎಂದರು ಕೊನೆಗೆ. "ಅತ್ತೋಕೆ ಇನ್ಯಾವ ದಾರಿ ಅದೆ?"

ಅವರು ಕಾರು ತೆಗೆದುಕೊಂಡು ಹೋದರು. ಸುಂದ್ರಮ್ಮ ಬಕೆಟ್ ತುಂಬ ಒದ್ದೆ ಬಟ್ಟೆ ಹಿಡಿದು ಗಂಡನ ಮುಖ ನೋಡಿದರು.

"ಓಗ್ಲಾ?"

"ಓಗು ಅಂದವ್ರಲ್ಲ."

"ನಿಜವಾಗ್ಲೂ ಅಂದ್ರೋ, ಮಾತಿಗೆ ಅಂದ್ರೋ?"

"ನಂಗೇನ್ ಗೊತ್ತಮ್ಮಿ?"

ಸುಂದ್ರಮ್ಮ ಸೆರಗಿನಿಂದ ಕಾಲು ಒರೆಸಿಕೊಂಡರು. ಆಮೇಲೆ ಸಾಹುಕಾರರ ಮನೆ ಕಡೆ ಹೊರಟರು. ರಾಚಯ್ಯನವರು ಮೊಳೆಯಿಂದ ಕಡಗ ತೆಗೆದು ಹಾಕಿಕೊಂಡು, ಯಾವಾಗಲೋ ಒಣಗಿದ್ದ ನನ್ನ ಬಿಳಿ ಕಾರಿನ ಬಾಗಿಲನ್ನು ತಟ್ಟಿ ತಟ್ಟಿ ಒರೆಸುತ್ತಿದ್ದರು. ಕಣ್ಣು ಮಾತ್ರ ಆ ತಾರಸಿಯ ಮೇಲೆ. ಬಹಳ ಹೊತ್ತಾದ ಮೇಲೆ ಅಲ್ಲಿ ಒಂದು ನೀಲಿ ಬಟ್ಟೆ ಕಂಡಿತು, ಆಮೇಲೆ ಇನ್ನೊಂದು.