ಎರಡು ಸೆಟ್‌ಗಳ ನಡುವಿನ ಶರಣಮ್ಮ

ಪೊಲೀಸರ ವೈರ್‌ಲೆಸ್‌ನಲ್ಲಿ ಹೇಳಿದ್ದು ಫೈರ್ ಎಂಜಿನ್‌ನವರಿಗೆ ಕೇಳುತ್ತಿರಲಿಲ್ಲ. ಅವರು ಕೂಗಿಕೊಂಡದ್ದು ಇವರಿಗೆ ಕೇಳುತ್ತಿರಲಿಲ್ಲ. ಸೆಟ್ಟೇ ಬೇರೆ, ಫ್ರೀಕ್ವೆನ್ಸಿಯೇ ಬೇರೆ. ಹಾಗಾಗಿ ಜಯನಗರ, ಬನಶಂಕರಿ ಕಡೆ ಎಲ್ಲಿ ದೊಡ್ಡ ಬೆಂಕಿ ಬಿದ್ದರೂ, ಎಲ್ಲಿ ಮೆರವಣಿಗೆ ಹೊರಟರೂ ಹೋಂಗಾರ್ಡ್ ಶರಣಮ್ಮನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಎಡಗೈಲಿ ಪೊಲೀಸ್ ಸೆಟ್, ಬಲಗೈಲಿ ಫೈರ್ ಸೆಟ್. ಇದರಲ್ಲಿ ಕೇಳಿದ್ದನ್ನು ಅದರಲ್ಲಿ ಹೇಳಬೇಕು, ಅದರಲ್ಲಿ ಕೇಳಿದ್ದನ್ನು ಇದರಲ್ಲಿ. ತನ್ನದೊಂದು ಮಾತು ಸೇರಿಸುವ ಹಾಗಿಲ್ಲ. ಮೊದಮೊದಲು ಅವಳ ರಾಯಚೂರು ಕಡೆಯ ಮಾತನ್ನು ಫೈರ್‌ನವರು ಸೆಟ್ಟಿನಲ್ಲೇ ಅಣಕಿಸುತ್ತಿದ್ದರು: "ಯವ್ವಾ, ನೀರು ಬಿಡ್ಲೇನ್ರೀ, ಓವರ್!" ಆಮೇಲೆ ಅವಳು ಸೆಟ್ ಹಿಡಿದಾಗ ಬೆಂಗಳೂರಿನವರ ಹಾಗೆ ಮಾತಾಡುವುದನ್ನು ಕಲಿತಳು. ಸೆಟ್ಟಿನಲ್ಲಿ ದನಿ ಕೇಳಿದರೆ ಯಾವ ಊರಿನವಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮನೆ ಸುದ್ದಗುಂಟೆಪಾಳ್ಯದಲ್ಲಿ, ಬಾಡಿಗೆಗೆ ಒಂದೇ ರೂಮು. ಗಂಡ ಮೌನೇಶ ಬಿಟಿಎಂನಲ್ಲಿ ಆಫೀಸೊಂದರ ಸೆಕ್ಯುರಿಟಿ. ಎರಡೂವರೆ ವರ್ಷದ ಮಗಳು ಪ್ರೇರಣಾಳನ್ನು ಮನೆ ಓನರ್ ಗೌರಮ್ಮನ ಹತ್ತಿರ ಬಿಟ್ಟು ಬರಬೇಕು. ಒಂದು ದಿನ ಶರಣಮ್ಮ ಬೇಗ ಮನೆಗೆ ಬಂದರೆ, ಹಳೇ ಸೀರೆಯಲ್ಲಿ ಮಗುವಿನ ಸೊಂಟ ಕಟ್ಟಿ ಕಿಟಕಿಗೆ ಬಿಗಿದಿದ್ದರು. ಗೌರಮ್ಮ ಸೊಪ್ಪು ಬಿಡಿಸುತ್ತಾ, "ಇನ್ನೇನ್ಮಾಡ್ಲಮ್ಮಾ, ಸ್ಟವ್ ಹತ್ರಾನೇ ಬರುತ್ತೆ. ಸುಟ್ಕೊಂಡ್ರೆ ನೀನು ನನ್ನ ಸುಮ್ನೆ ಬಿಡ್ತೀಯಾ?" ಅಂದರು.

ಆವತ್ತಿನಿಂದ ಅವಳಿಗೆ ಬೇರೆ ಯೋಚನೆಯೇ ಇಲ್ಲ. ಕಂಟ್ರೋಲ್ ರೂಮಿನ ಪಕ್ಕ ಒಂದು ಶಿಶುವಿಹಾರ ಇತ್ತು. ಆಯಾ ಇದ್ದಳು, ಹಾಲು ಕೊಡುತ್ತಿದ್ದರು, ಚಾಪೆ ಹಾಸಿ ಮಲಗಿಸುತ್ತಿದ್ದರು. ಆದರೆ ಕಾಯಂ ನೌಕರರ ಮಕ್ಕಳಿಗೆ ಮಾತ್ರ, ದಿನಗೂಲಿಯ ಹೋಂಗಾರ್ಡುಗಳ ಮಕ್ಕಳಿಗಿಲ್ಲ. ಏನಾದರೂ ಮಾಡಿ ಕಾಯಂ ಆಗಬೇಕು.

ಎರಡು ಸಾವಿರದ ಇಸವಿ ದಾಟಿತ್ತು. ಭದ್ರತೆಯ ಇಲಾಖೆಗಳೆಲ್ಲ ಒಬ್ಬರ ಮಾತು ಒಬ್ಬರಿಗೆ ಕೇಳುವಂಥ ಸೆಟ್ಟನ್ನೇ ಇಟ್ಟುಕೊಳ್ಳಬೇಕು ಅನ್ನುವ ಮಸೂದೆ ತಯಾರಾಗಿ, ಅದು ಬೇಕೋ ಬೇಡವೋ ತೀರ್ಮಾನಿಸಲು ಶಾಸಕರ ಸಮಿತಿಯೊಂದು ಜಯನಗರದಲ್ಲಿ ಬೆಂಕಿಯ ಅಣಕು ಕಾರ್ಯಾಚರಣೆ ನೋಡುವುದೆಂದಾಯಿತು. ವೈರ್‌ಲೆಸ್ ಇನ್‌ಸ್ಪೆಕ್ಟರ್ ಅನಂತರಾಮು ಅವರ ನಿದ್ದೆ ಹಾರಿಹೋಯಿತು. ಎರಡೂ ಸೆಟ್ ಜೋಡಿಸುತ್ತದೆ ಅಂತ ಹಿಂದಿನ ವರ್ಷ ಅವರೇ ಒಂದು ಪೆಟ್ಟಿಗೆ ತರಿಸಿದ್ದರು. ಅದು ಗುಂಯ್ ಅನ್ನುವುದು ಬಿಟ್ಟು ಇನ್ನೇನೂ ಮಾಡಿರಲಿಲ್ಲ. ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಮೇಲಕ್ಕೆ ಬರೆದುಬಿಟ್ಟಿದ್ದರು.

"ಶರಣಮ್ಮ, ನೀನು ಪರದೆ ಹಿಂದೆ ಕೂತ್ಕೋ. ಮುಂದೆ ಪೆಟ್ಟಿಗೆ ಇರುತ್ತೆ, ಲೈಟ್ ಉರೀತಿರುತ್ತೆ. ಹೆಂಗಸಿನ ದನಿ ಯಾರದ್ದು ಅಂತ ಕೇಳಿದ್ರೆ ಫೈರ್‌ನವರ ಆಪರೇಟರ್ ಅಂತೀನಿ," ಅಂದರು. ಆಮೇಲೆ ತಲೆ ಕೆರೆದುಕೊಂಡು, "ಇನ್ನೊಂದು. ಬೆಂಕೀಲಿ ಸಿಕ್ಕಿಕೊಂಡ ಹಾಗೆ ಒಂದು ಮಗು ಬೇಕು. ಗೊಂಬೆ ಇಟ್ರೆ ಫೋಟೋದಲ್ಲಿ ಗೊತ್ತಾಗುತ್ತೆ."

ಆಫೀಸರುಗಳ ಮಕ್ಕಳಿಗೆಲ್ಲ ಆ ದಿನ ಟೆಸ್ಟು, ನೆಗಡಿ, ಧೂಳಿನ ಅಲರ್ಜಿ.

"ಸಾಹೇಬ್ರ, ನನ್ನ ಕೂಸು ಭಾಳ ಹೆದರ್ತೈತ್ರೀ."

"ಹೆದರ್ಲಿ ಬಿಡು. ಅತ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಆವತ್ತು ಸಂಜೇನೇ ನಿನ್ನ ಕಾಯಂ ಫೈಲು ಕಳಿಸ್ತೀನಿ. ಸೋಮವಾರ ಮಗೂನ ಶಿಶುವಿಹಾರಕ್ಕೆ ಕರ್ಕೊಂಡ್ ಬಾ."

ಯಾವ ತಾಯಿ ಒಪ್ಪುತ್ತಾಳೆ? ಸೊಂಟಕ್ಕೆ ಬಿಗಿದ ಸೀರೆಯನ್ನು ನೋಡಿದವಳು ಒಪ್ಪಿದಳು.

ಜಯನಗರದ ಖಾಲಿ ಕಟ್ಟಡವೊಂದರ ಎರಡನೇ ಮಹಡಿ. "ನಾನಿರ್ತೀನಲ್ಲ, ಹೋಗೇ," ಅಂತ ಮಹಿಳಾ ಪೇದೆ ಚೂಡಾಮಣಿ ಮಗುವನ್ನು ಬಾಲ್ಕನಿಗೆ ಎತ್ತಿಕೊಂಡು ಹೋದಳು. ಹೊಗೆ ಎದ್ದಿತು. ಫೋಟೋದವರು ಕ್ಯಾಮೆರಾ ಎತ್ತಿದರು. ಅನಂತರಾಮು ಚೂಡಾಮಣಿಗೆ ಒಳಗೆ ಹೋಗು ಅಂತ ಕೈಸನ್ನೆ ಮಾಡಿದರು. ಹೊಗೆಯಲ್ಲಿ ಮಗು ಒಂದೇ ಉಳಿಯಿತು. ಶಾಮಿಯಾನದ ಬಟ್ಟೆಯ ಹಿಂದೆ ಕೂತ ಶರಣಮ್ಮನಿಗೆ ಇದೊಂದೂ ಕಾಣುತ್ತಿರಲಿಲ್ಲ.

"ಏಣಿ ಹಾಕಿ," ಅಂದರು ಸಮಿತಿಯ ಮುಂದೆ ನಿಂತ ಪೊಲೀಸ್ ಅಧಿಕಾರಿ. ಅವಳು ದಾಟಿಸಿದಳು. "ಏಣಿ ಹಾಕಿದ್ದೇವೆ," ಅಂದ ಫೈರ್‌ನ ಪಿಳ್ಳಣ್ಣ. ಅದನ್ನೂ ದಾಟಿಸಿದಳು. ಎಲ್ಲ ಸರಾಗ. ಅಷ್ಟರಲ್ಲಿ ಬಲಗೈಯ ಸೆಟ್ಟಿನಲ್ಲಿ ಪಿಳ್ಳಣ್ಣನ ಏದುಸಿರು.

"ಮೇಡಂ, ಮಗು ಕಂಬಿ ಹಿಡ್ಕೊಂಡ್ಬಿಟ್ಟಿದೆ, ಬಿಡ್ತಾನೇ ಇಲ್ಲ. ಅವ್ವ ಅವ್ವ ಅಂತ ಅಳ್ತಿದೆ. ಎಳೆದ್ರೆ ಕೈಗೆ ಪೆಟ್ಟಾಗುತ್ತೆ. ಅವರಮ್ಮನ್ನ ಕೆಳಗೆ ನಿಲ್ಸಿ, ನೋಡಿದ್ರೆ ಬಿಡುತ್ತೆ. ಓವರ್."

ಅವನ ಮಾತಿನ ಹಿಂದೆಯೇ ಮಗಳ ಅಳು ಬಂತು.

ಇದನ್ನು ದಾಟಿಸಿದರೆ ಅಧಿಕಾರಿ ಎಲ್ಲರ ಮುಂದೆ ತಾಯಿ ಎಲ್ಲಿ ಅಂತಾರೆ. ಪರದೆ ಸರಿಯಬೇಕಾಗುತ್ತದೆ. ಪೆಟ್ಟಿಗೆಯ ಬಂಡವಾಳ ಬಯಲಾಗುತ್ತದೆ. ಕಾಯಂ ಹೋಯಿತು, ಶಿಶುವಿಹಾರ ಹೋಯಿತು.

"ಯಾಕೆ ತಡ?" ಅಂತು ಎಡಗೈಯ ಸೆಟ್.

"ಮಗುವನ್ನು ಇಳಿಸ್ತಾ ಇದೀವಿ ಸಾರ್, ಓವರ್," ಅಂದಳು. ಬಲಗೈ ಎತ್ತಿದಳು. "ತಾಯಿ ಇಲ್ಲ. ಎಳ್ಕೊಂಡ್ ಬನ್ನಿ, ಓವರ್."

"ಎಳೀಲಾ ಮೇಡಂ?"

"ಎಳೀರಿ."

ಅಳು ಒಮ್ಮೆಲೇ ಚೀರಾಟವಾಯಿತು. ಪಿಳ್ಳಣ್ಣ ಸೆಟ್ಟಿನ ಗುಂಡಿಯಿಂದ ಬೆರಳು ತೆಗೆದ, ಸದ್ದು ನಿಂತಿತು.

ಹೊರಗೆ ಚಪ್ಪಾಳೆ. ಸಮಿತಿಯ ಅಧ್ಯಕ್ಷರು ಕಾಫಿ ಲೋಟ ಹಿಡಿದು ನಗುತ್ತಿದ್ದರು: "ಇಷ್ಟು ಚೆನ್ನಾಗಿ ಕೇಳಿಸ್ತಿರುವಾಗ ಹೊಸ ಕಾನೂನು ಯಾಕ್ರೀ? ದುಡ್ಡು ದಂಡ."

ಸಮಿತಿಯ ಕಾರುಗಳು ಹೋದ ಮೇಲೆ ಶರಣಮ್ಮ ಓಡಿದಳು. ಫೈರ್ ಎಂಜಿನ್ನಿನ ಮೆಟ್ಟಿಲ ಮೇಲೆ ಪಿಳ್ಳಣ್ಣ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಗುವಿನ ಬಲಗೈ ಜೋತುಬಿದ್ದಿತ್ತು. ಅವಳು ಕೈ ಚಾಚಿದಳು.

"ತಾಯಿ ಇಲ್ಲ ಅಂದ್ರಲ್ಲ ಮೇಡಂ. ಇದು ಯಾರ ಮಗು?"

"ನಂದ್ರೀ."

ಪಿಳ್ಳಣ್ಣ ಅವಳ ಮುಖವನ್ನೇ ನೋಡಿದ. ಮಗುವನ್ನು ಅವಳಿಗೆ ಕೊಡಲಿಲ್ಲ, ಚೂಡಾಮಣಿಯ ಕೈಗೆ ಕೊಟ್ಟ.

ಮೊಣಕೈ ಕೀಲು ತಪ್ಪಿತ್ತು. ಡಾಕ್ಟರು ಕೂರಿಸಿದರು. ಸೋಮವಾರ ಶರಣಮ್ಮ ಮಗಳಿಗೆ ತಲೆ ಬಾಚಿ, ಹೊಸ ಫ್ರಾಕು ಹಾಕಿ, ಅನಂತರಾಮು ಅವರ ಕೋಣೆಗೆ ಕರೆದುಕೊಂಡು ಹೋದಳು.

"ಮಸೂದೆ ಬಿದ್ಹೋಯ್ತು ಕಣಮ್ಮಾ," ಅಂದರು ಅವರು, ತಲೆ ಎತ್ತದೆ. "ಪೆಟ್ಟಿಗೇನೇ ಮಾತು ದಾಟಿಸುತ್ತೆ ಅಂತ ರಿಪೋರ್ಟ್ ಆಗಿದೆ. ಮಧ್ಯೆ ಒಬ್ಬಳನ್ನ ಕಾಯಂ ಮಾಡಿ ಅಂತ ಈಗ ಯಾವ ಬಾಯಲ್ಲಿ ಕೇಳ್ಲಿ? ನಾಳೆಯಿಂದ ಈ ಡ್ಯೂಟೀನೂ ಇಲ್ಲ."

"ಮತ್ತ ಬೆಂಕಿ ಬಿದ್ರ?"

"ಪೆಟ್ಟಿಗೆ ಇದೆಯಲ್ಲ."

"ಖರೇ ಸಂಗತಿ ನಾ ಹೇಳ್ತೀನ್ರೀ ಎಲ್ಲಾರ ಮುಂದ."

"ಹೇಳು. ಎಳೀರಿ ಅಂತ ಹೇಳಿದ್ದು ಯಾರು ಅಂತ ಪಿಳ್ಳಣ್ಣನೂ ಹೇಳ್ತಾನೆ. ಹೆತ್ತವಳೇ ಎಳೆಸಿದ್ಳಂತೆ ಅಂತ ಊರೆಲ್ಲ ಆಡ್ಕೊಳ್ಳಲಿ."

ಶರಣಮ್ಮ ಎರಡೂ ಸೆಟ್ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಪಕ್ಕದ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಲು ಕೊಡುವ ಹೊತ್ತು. ಪ್ರೇರಣಾ ಅತ್ತಲೇ ನೋಡುತ್ತಾ ನಿಂತುಬಿಟ್ಟಿದ್ದಳು.

"ಬಾ ನನ್ನವ್ವ, ಮನೀಗ್ ಹೋಗೂನು," ಅಂತ ಶರಣಮ್ಮ ಬಾಗಿ ಕೈ ನೀಡಿದಳು.

ಮಗು ಹಿಂದಕ್ಕೆ ಸರಿದು, ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.